ಬಲಿಪೀಠದ ಗಾರೆ: ಕಟ್ಟುವ ಬಗೆ, ಕಾಯುವ ಬಗೆ

ಹಳೆಯ ಚರ್ಚಿನಲ್ಲಿ ಕಸ ಗುಡಿಸುವವರಿಗೆ ಬಲಿಪೀಠದ ಹಿಂದೆ ಒಮ್ಮೊಮ್ಮೆ ಒಂದು ಚೂರು ಸಿಗುತ್ತದೆ. ಕಡಲೆಕಾಯಿಯಷ್ಟು ಗಾತ್ರ. ಒಂದು ಮಗ್ಗುಲಿಗೆ ನೀಲಿ ಬಣ್ಣ, ಅದರಡಿ ಹಳೆಯ ಕೆನೆಬಣ್ಣ, ಅದರಡಿ ಗಟ್ಟಿ ಮೊಸರಿನಂಥ ಬಿಳಿ ಪದರ, ಹಿಂಬದಿಯಲ್ಲಿ ಮರಳಿನ ಕಾಳು ಕಾಣುವ ಒರಟು ಬೂದು. ಸಾಮಾನ್ಯವಾಗಿ ಅದು ಉಳಿದ ಕಸದ ಜೊತೆ ಮೊರಕ್ಕೆ ಸೇರಿ ಹೊರಗೆ ಬೀಳುತ್ತದೆ. ಆದರೆ ಅದು ದೇವದೂತನ ರೆಕ್ಕೆಯ ತುದಿಯೋ ದ್ರಾಕ್ಷಿ ಬಳ್ಳಿಯ ಎಲೆಯ ಅಂಚೋ ಆಗಿರಬಹುದು. ಆ ಚೂರಿನ ನಾಲ್ಕು ಪದರಗಳಲ್ಲಿ ಒಂದು ಇಡೀ ಕಸುಬು ಅಡಗಿದೆ. ಆ ಕಸುಬು ಹೇಗೆ ನಡೆಯುತ್ತದೆ, ಏಕೆ ಕೆಡುತ್ತದೆ, ಕೆಡದಂತೆ ಕಾಯುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಊರಿಗಾಂನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಶುರುಮಾಡಿದ ಮೇಲೆ ಕಾರ್ನ್‌ವಾಲಿನ ಗಣಿಗಾರರು ಬಂದರು, ಇಟಲಿಯವರು ಬಂದರು, ಆರ್ಕಾಟು ಮತ್ತು ಚಿತ್ತೂರು ಸೀಮೆಯ ಸಾವಿರಾರು ಕುಟುಂಬಗಳು ಬಂದವು. ಬಂದವರೆಲ್ಲ ತಮ್ಮ ತಮ್ಮ ದೇವರಿಗೆ ಮನೆ ಕಟ್ಟಿದರು. ಊರಿಗಾಂನ ಸೇಂಟ್ ಮೈಕಲ್ ಚರ್ಚು, ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ಚರ್ಚು, ಗಣಿ ಕೆಲಸಗಾರರ ಲೈನ್ ಮನೆಗಳ ನಡುವಿನ ಮಾರಿಯಮ್ಮನ ಗುಡಿಗಳು ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ ಇವೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಮೇಲೆ ಇಲ್ಲಿನ ಹಳೆಯ ಕಟ್ಟಡಗಳ ರಿಪೇರಿಗೆ ಗಣಿ ಕಂಪನಿಯ ಕೈ ಇಲ್ಲ. ಊರಿನವರೇ ಚಂದಾ ಎತ್ತಿ ಮಾಡಿಸಬೇಕು. ಒಳ್ಳೆಯ ಮನಸ್ಸಿನಿಂದ ಮಾಡಿಸಿದ ರಿಪೇರಿಯೇ ಹಳೆಯ ಗಾರೆಯನ್ನು ಕೊಲ್ಲುವುದನ್ನು ನೋಡಿದ್ದೇನೆ.

ಹೆಸರು ಬೇರೆ, ವಸ್ತು ಒಂದೇ

ಯುರೋಪಿನವರು ‘ಸ್ಟಕ್ಕೊ’ ಎನ್ನುವುದನ್ನು ನಾವು ಗಾರೆ ಎನ್ನುತ್ತೇವೆ. ಸುಣ್ಣ, ಮರಳು, ನೀರು, ಅದಕ್ಕೆ ಸೇರಿಸುವ ಒಂದೆರಡು ಸಾಮಗ್ರಿ, ಇಷ್ಟೇ. ಕಲ್ಲನ್ನು ಕೆತ್ತುವವನು ಬೇಡದ್ದನ್ನು ತೆಗೆಯುತ್ತಾ ಹೋಗುತ್ತಾನೆ. ಗಾರೆಯವನು ಬೇಕಾದ್ದನ್ನು ಸೇರಿಸುತ್ತಾ ಹೋಗುತ್ತಾನೆ. ಹಾಗಾಗಿ ಗಾರೆಯಲ್ಲಿ ಕೈಯ ಬೆರಳಿನ ಗುರುತು ಉಳಿಯುತ್ತದೆ.

ಕೋಲಾರದ ಸೋಮೇಶ್ವರ ದೇವಸ್ಥಾನದ ಮಹಾದ್ವಾರದ ಎದುರು ನಿಂತು ನೋಡಿ. ಕೆಳಗಿನ ಭಾಗ ಕಲ್ಲು, ಮೇಲಿನ ಗೋಪುರ ಇಟ್ಟಿಗೆ ಮತ್ತು ಗಾರೆ. ವಿಜಯನಗರ ಕಾಲದ ಕಟ್ಟುವ ಪದ್ಧತಿಯೇ ಅದು. ಹಂಪಿಯಲ್ಲಿ ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಬಂದು ಕಟ್ಟಿಸಿದ ಕೃಷ್ಣ ದೇವಾಲಯದ ಗೋಪುರದಲ್ಲಿ ಕುದುರೆ, ಆನೆ, ಕತ್ತಿ ಹಿಡಿದ ಸೈನಿಕರ ಗಾರೆ ಗೊಂಬೆಗಳು ಇಂದಿಗೂ ಅಷ್ಟಿಷ್ಟು ಉಳಿದಿವೆ. ಉದುರಿದ ಕಡೆ ಒಳಗಿನ ಇಟ್ಟಿಗೆ ಕಾಣುತ್ತದೆ. ಕಲ್ಲಿನಲ್ಲಿ ಮಾಡಿದ್ದರೆ ಅಷ್ಟು ಎತ್ತರಕ್ಕೆ ಭಾರ ಹೊರಿಸುವುದು ಕಷ್ಟವಾಗುತ್ತಿತ್ತು. ಇಟ್ಟಿಗೆಯ ಗೋಪುರ ಹಗುರ, ಅದಕ್ಕೆ ರೂಪ ಕೊಡುವುದು ಗಾರೆ.

ಯುರೋಪಿನ ಕಸುಬುದಾರರೂ ಇದೇ ಲೆಕ್ಕ ಹಾಕಿದರು. 16ನೇ ಶತಮಾನದ ಕೊನೆಯಿಂದ 18ನೇ ಶತಮಾನದ ನಡುವಿನವರೆಗೆ ಕ್ಯಾಥೋಲಿಕ್ ದೇಶಗಳಲ್ಲಿ ಹರಡಿದ ಶೈಲಿಗೆ ಬರೋಕ್ ಎಂದು ಹೆಸರು. ಪೂಜೆಗೆ ಬಂದವನ ಬುದ್ಧಿಗಿಂತ ಮೊದಲು ಕಣ್ಣು, ಕಣ್ಣಿನ ಹಿಂದೆಯೇ ಎದೆ ಕರಗಬೇಕು ಎಂಬುದು ಅದರ ಆಸೆ. ಅದಕ್ಕೆ ಮೋಡ ಬೇಕು, ಹಾರುವ ಬಟ್ಟೆ ಬೇಕು, ಗಾಳಿಯಲ್ಲಿ ನಿಂತ ದೇವದೂತರು ಬೇಕು. ಅಮೃತಶಿಲೆಯಲ್ಲಿ ಇದನ್ನೆಲ್ಲ ಮಾಡಬಹುದು, ಆದರೆ ಖರ್ಚು, ಕಾಲ, ಭಾರ ಮೂರೂ ಹೆಚ್ಚು. ಕಾಣಿಕೆಯಿಂದ ನಡೆಯುವ ಒಂದು ಸನ್ಯಾಸಿನಿಯರ ಮಠಕ್ಕೆ ಅದು ಎಟುಕುವ ಮಾತಲ್ಲ. ಗಾರೆ ಎಟುಕುತ್ತಿತ್ತು.

ಸಿಸಿಲಿ ದ್ವೀಪದ ಅಗ್ರಿಜೆಂತೊ ಊರಿನಲ್ಲಿ ಸಾಂತೊ ಸ್ಪಿರಿತೊ ಎಂಬ ಸಿಸ್ಟರ್ಸಿಯನ್ ಕನ್ಯಾಮಠವಿದೆ. ಅದರ ಚರ್ಚಿನ ಒಳಗೋಡೆಗಳ ತುಂಬ 17ನೇ ಶತಮಾನದ ಕೊನೆಯ ಬಿಳಿ ಗಾರೆಯ ಉಬ್ಬುಚಿತ್ರಗಳು. ಅವು ಪಲೆರ್ಮೊದ ಜಾಕೊಮೊ ಸೆರ್ಪೊತ್ತ ಮತ್ತು ಅವನ ಕೈಕೆಳಗಿನವರ ಕೆಲಸ. 1656ರಿಂದ 1732ರವರೆಗೆ ಬದುಕಿದ್ದ ಈ ಮನುಷ್ಯ ಗಾರೆಯನ್ನು ಅಮೃತಶಿಲೆಯ ಹೊಳಪಿಗೆ ಏರಿಸಿದವನು. ಬವೇರಿಯಾದ ರೋರ್ ಎಂಬಲ್ಲಿ ಅಂದು ಅಗಸ್ಟಿನಿಯನ್ನರದಾಗಿದ್ದ ಮಠದ ಚರ್ಚಿದೆ. ಅಲ್ಲಿ ಎಗಿಡ್ ಕ್ವಿರಿನ್ ಆಸಾಮ್ 1723ರ ಹೊತ್ತಿಗೆ ಮುಗಿಸಿದ ಬಲಿಪೀಠ ಈ ಕಸುಬಿನ ಶಿಖರ. ಖಾಲಿ ಸಮಾಧಿಯ ಸುತ್ತ ಯೇಸುವಿನ ಆಳೆತ್ತರ ಮೀರಿದ ಶಿಷ್ಯರು ಬೆರಗಿನಿಂದ ಕೈಚಾಚಿ ನಿಂತಿದ್ದಾರೆ. ಅವರ ತಲೆಯ ಮೇಲೆ, ಗಾಳಿಯಲ್ಲೇ, ಇಬ್ಬರು ದೇವದೂತರ ನಡುವೆ ಮಾತೆ ಮರಿಯ ಸ್ವರ್ಗಕ್ಕೆ ಏರುತ್ತಿದ್ದಾಳೆ. ಕೆಳಗಿನಿಂದ ನೋಡಿದರೆ ಎಲ್ಲೂ ಆಧಾರ ಕಾಣುವುದಿಲ್ಲ. ಅಷ್ಟು ಭಾರವನ್ನು ಹೊತ್ತಿರುವುದು ಗಾರೆಯೊಳಗೆ ಹುದುಗಿ ಹಿಂದಿನ ಗೋಡೆಗೆ ಹೋಗುವ ಕಬ್ಬಿಣ.

ನಮ್ಮ ಹತ್ತಿರದ ಬರೋಕ್ ಎಂದರೆ ಗೋವಾದ್ದು. ಹಳೆ ಗೋವಾದಲ್ಲಿ ಸಂತ ಮೋನಿಕಾ ಕನ್ಯಾಮಠವಿದೆ, ಬೊಂ ಜೆಜುಸ್ ಬಸಿಲಿಕಾ ಇದೆ. ಆದರೆ ಅಲ್ಲಿನ ದೊಡ್ಡ ಬಲಿಪೀಠಗಳು ಹೆಚ್ಚಾಗಿ ಮರದ ಕೆತ್ತನೆ, ಅದರ ಮೇಲೆ ಬಂಗಾರದ ಹಾಳೆ. ಒಳ್ಳೆಯ ಮರವೂ ಮರಗೆಲಸದ ಆಚಾರಿಗಳೂ ಕೈಗೆ ಸಿಗುವ ನಾಡಿನಲ್ಲಿ ಅದು ಸಹಜ. ಅಲ್ಲಿ ಗಾರೆ ಸೇರಿದ್ದು ಗೋಡೆಗೆ: ಮುರಕಲ್ಲಿನ ಗೋಡೆಯ ಮೇಲೆ ಸುಣ್ಣದ ಹೊದಿಕೆಯಾಗಿ. ಆ ಹೊದಿಕೆಯ ಕಥೆಗೆ ಮುಂದೆ ಬರುತ್ತೇನೆ.

ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಗಿ

ಗಾರೆಯ ಗುಟ್ಟು ಇರುವುದು ಒಂದು ಸುತ್ತಿನಲ್ಲಿ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಹಾಕಿದರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ನೋಡಲು ಅದೇ ಕಲ್ಲು, ಕೈಗೆತ್ತಿಕೊಂಡರೆ ಹಗುರ. ಅದಕ್ಕೆ ನೀರು ಬಿಟ್ಟರೆ ಬುಸುಗುಟ್ಟುತ್ತದೆ, ಕುದಿಯುತ್ತದೆ, ಬಿರಿದು ಹಿಟ್ಟಾಗುತ್ತದೆ. ಸುಣ್ಣ ಅರಳುವುದು ಎಂದರೆ ಇದು. ಅರಳಿದ ಸುಣ್ಣವನ್ನು ನೀರಿನಡಿ ಗುಂಡಿಯಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಎಷ್ಟು ಹಳೆಯದಾದರೆ ಅಷ್ಟು ನಯ. ಮೂರು ವರ್ಷ ಆಗದ ಸುಣ್ಣವನ್ನು ಕಟ್ಟಡಕ್ಕೆ ಬಳಸಬಾರದು ಎಂಬ ಹಳೆಯ ಕಟ್ಟಳೆಯನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ.

ಈ ಬೆಣ್ಣೆಯಂಥ ಸುಣ್ಣವನ್ನು ಮರಳಿನ ಜೊತೆ ಕಲಸಿ ಗೋಡೆಗೆ ಹಚ್ಚಿದ ಮೇಲೆ ಸುತ್ತಿನ ಕೊನೆಯ ಹಂತ ಶುರುವಾಗುತ್ತದೆ. ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ. ಆದರೆ ಇದು ತಿಂಗಳಿಗೆ ಒಂದು ಮಿಲಿಮೀಟರಿನ ಆಸುಪಾಸಿನ ವೇಗದಲ್ಲಿ ಹೊರಗಿನಿಂದ ಒಳಗೆ ಸಾಗುವ ಕೆಲಸ. ದಪ್ಪಗೆ ಒಮ್ಮೆಲೇ ಮೆತ್ತಿದರೆ ಮೇಲ್ಗಡೆ ಗಟ್ಟಿ, ಒಳಗೆ ಹಸಿ, ಆಮೇಲೆ ಬಿರುಕು. ಅದಕ್ಕೇ ಗಾರೆಯನ್ನು ತೆಳು ತೆಳು ಪದರಗಳಲ್ಲಿ ಹಚ್ಚುತ್ತಾರೆ, ಪ್ರತಿ ಪದರಕ್ಕೂ ನೀರು ಚಿಮುಕಿಸುತ್ತಾ ಕಾಯುತ್ತಾರೆ. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಬಿಸಿಲಿಗೆ ಬೇಗ ಒಣಗಿದ ಗಾರೆ ಗಟ್ಟಿಯಾಗದೆ ಪುಡಿಯಾಗುತ್ತದೆ.

ಬಂಗಾರಪೇಟೆಯ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿದ್ದೆ. “ಸುಣ್ಣಕ್ಕೆ ಅವಸರ ಆಗಲ್ಲ ಸಾರ್, ನಮಗೆ ಆಗುತ್ತೆ” ಎಂದರು. ಕರಣೆ ತೊಳೆಯುತ್ತಾ ಆಡಿದ ಆ ಒಂದು ಮಾತಿನಲ್ಲಿ ಗಾರೆಯ ರಸಾಯನಶಾಸ್ತ್ರವೆಲ್ಲ ಇದೆ.

ನಮ್ಮ ಕಡೆಯ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಸೇರಿಸುವ ವಾಡಿಕೆಯಿದೆ. ನುಣುಪಿನ ಮೇಲ್ಪದರಕ್ಕೆ ಮೊಟ್ಟೆಯ ಬಿಳಿಯೂ ಬೀಳುತ್ತಿತ್ತು. ಬೆಲ್ಲ ಸೇರಿದರೆ ಕಡಿಮೆ ನೀರಿಗೇ ಗಾರೆ ಮೆದುವಾಗಿ ಕರಣೆಗೆ ಒಗ್ಗುತ್ತದೆ. ನೀರು ಕಡಿಮೆಯಾದಷ್ಟೂ ಬಿರುಕು ಕಡಿಮೆ. ಎತ್ತು ಕಟ್ಟಿ ತಿರುಗಿಸುವ ಗಾಣದಲ್ಲಿ ಇದನ್ನೆಲ್ಲ ಅರೆಯುತ್ತಿದ್ದರು. ನೀರು ತಾಗುವ ಕಡೆಗೆ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಬೆರೆಸುತ್ತಿದ್ದರು. ಸುಟ್ಟ ಜೇಡಿಮಣ್ಣು ಸುಣ್ಣದ ಜೊತೆ ಸೇರಿ ನೀರಿನಲ್ಲೂ ಗಟ್ಟಿಯಾಗುತ್ತದೆ.

ಜಿಪ್ಸಂ ಸೇರಿದರೆ

ಯುರೋಪಿನ ಬಲಿಪೀಠಗಳಲ್ಲಿ, ಅದರಲ್ಲೂ ಬವೇರಿಯಾದಲ್ಲಿ, ಸುಣ್ಣದ ಜೊತೆ ಜಿಪ್ಸಮ್ಮೂ ಇರುತ್ತದೆ. ಜಿಪ್ಸಂ ಕಲ್ಲನ್ನು 150 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಬಿಳಿ ಪುಡಿಯಾಗುತ್ತದೆ. ಇದೇ ಪ್ಲಾಸ್ಟರ್ ಆಫ್ ಪ್ಯಾರಿಸ್, ನಮ್ಮ ಗಣೇಶನ ಹಬ್ಬದ ಪೀಒಪಿ. ನೀರು ಸೇರಿಸಿದರೆ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ. ಸುಣ್ಣ ತಿಂಗಳು ಕೇಳಿದರೆ ಜಿಪ್ಸಂ ನಿಮಿಷ ಕೇಳುತ್ತದೆ. ಎರಡನ್ನೂ ಹದವಾಗಿ ಬೆರೆಸಿದರೆ ಮೊದಲು ಜಿಪ್ಸಂ ಆಕಾರವನ್ನು ಹಿಡಿದು ನಿಲ್ಲಿಸುತ್ತದೆ, ಆಮೇಲೆ ಸುಣ್ಣ ತನ್ನ ಗತಿಯಲ್ಲಿ ಗಟ್ಟಿಯಾಗುತ್ತದೆ. ಬೇಗ ಬಿಗಿಯದಂತೆ ಪ್ರಾಣಿಜನ್ಯ ಅಂಟಿನ ನೀರು ಸೇರಿಸಿ ಕೆಲಸದ ಅವಧಿ ಹಿಗ್ಗಿಸಿಕೊಳ್ಳುತ್ತಿದ್ದರು.

ಹಾಗಿದ್ದರೆ ನಮ್ಮ ಗೋಪುರಗಳಿಗೆ ಜಿಪ್ಸಂ ಏಕೆ ಬಳಸಲಿಲ್ಲ? ಜಿಪ್ಸಂ ನೀರಿನಲ್ಲಿ ಕರಗುತ್ತದೆ, ಲೀಟರಿಗೆ ಸುಮಾರು ಎರಡು ಗ್ರಾಂ. ನಾಲ್ಕು ಮಳೆಗಾಲ ಕಳೆಯುವುದರಲ್ಲಿ ಮೂಗು ಕಿವಿ ಸವೆದುಹೋಗುತ್ತವೆ. ಸೂರಿನಡಿಯ ಬಲಿಪೀಠಕ್ಕೆ ಅದು ಸರಿ, ಬಯಲಿನ ಗೋಪುರಕ್ಕೆ ಸುಣ್ಣವೇ ಸರಿ. ಸೂರು ಸೋರಿದ ದಿನ ಬಲಿಪೀಠವೂ ಬಯಲಿಗೆ ಬಿದ್ದಂತೆಯೇ.

ಒಂದು ದೇವದೂತನ ತಲೆ

ಬರೋಕ್ ಬಲಿಪೀಠದ ಮೂಲೆಮೂಲೆಯಲ್ಲಿ ಕಾಣುವ ಪುಟ್ಟ ದೇವದೂತನ ತಲೆಯನ್ನೇ ತೆಗೆದುಕೊಳ್ಳೋಣ. ಉಬ್ಬಿದ ಕೆನ್ನೆ, ಗುಂಗುರು ಕೂದಲು, ಕುತ್ತಿಗೆಯಡಿ ಎರಡು ರೆಕ್ಕೆ.

ಮೊದಲು ಅಸ್ಥಿಪಂಜರ. ಗೋಡೆಯ ಸಂದಿಗೆ ಕಬ್ಬಿಣದ ಮೊಳೆ ಹೊಡೆದು, ಅದಕ್ಕೆ ತಂತಿ ಸುತ್ತಿ ತಲೆಯ ಮತ್ತು ರೆಕ್ಕೆಯ ಅಂದಾಜು ಆಕಾರ ಕೊಡುತ್ತಾರೆ. ದೊಡ್ಡ ಮೂರ್ತಿಯಾದರೆ ಮರದ ತುಂಡು, ಹುಲ್ಲು, ಹಳೆಯ ಬಟ್ಟೆಯನ್ನೂ ಸುತ್ತುತ್ತಾರೆ. ಭಾರ ಕಡಿಮೆಯಾಗಲಿ, ಗಾರೆಗೆ ಹಿಡಿತ ಸಿಗಲಿ ಎಂಬುದು ಉದ್ದೇಶ. ನಮ್ಮ ಗೋಪುರದ ಗೊಂಬೆಗಳಲ್ಲಿ ಈ ಕೆಲಸವನ್ನು ಹೊರಚಾಚಿದ ಇಟ್ಟಿಗೆ ಮಾಡುತ್ತದೆ.

ಎರಡನೆಯದು ಒಡಲು. ಒಂದು ಪಾಲು ಸುಣ್ಣಕ್ಕೆ ಎರಡು ಮೂರು ಪಾಲು ದಪ್ಪ ಮರಳು ಸೇರಿದ ಒರಟು ಗಾರೆ. ಗೋಡೆಯನ್ನು ಚೆನ್ನಾಗಿ ನೆನೆಸಿ, ಮುಷ್ಟಿಯಲ್ಲಿ ಗಾರೆ ಹಿಡಿದು ಎಸೆಯುತ್ತಾರೆ. ಎಸೆದ ರಭಸಕ್ಕೆ ಅದು ಇಟ್ಟಿಗೆಯ ಸಂದಿಗೆ ಹೊಕ್ಕು ಕೂರುತ್ತದೆ. ತಲೆ ಈಗ ಒಂದು ಉಂಡೆ, ಕಣ್ಣಿನ ಜಾಗದಲ್ಲಿ ಹೆಬ್ಬೆರಳಿನ ಎರಡು ಗುಳಿ. ಮೇಲ್ಮೈಯನ್ನು ಬೇಕೆಂದೇ ಗೀರಿ ಒರಟಾಗಿ ಬಿಡುತ್ತಾರೆ, ಮುಂದಿನ ಪದರ ಕಚ್ಚಿಕೊಳ್ಳಲಿ ಎಂದು.

ಮೂರನೆಯದು ಮಾಂಸ. ಸ್ವಲ್ಪ ನಯವಾದ ಗಾರೆಯಲ್ಲಿ ಕೆನ್ನೆ, ಹಣೆ, ತುಟಿ. ಇಲ್ಲಿ ಬೆರಳಗಲದ ಕರಣೆ, ಮೂಳೆಯ ಅಥವಾ ಗಟ್ಟಿ ಮರದ ಕಡ್ಡಿ, ಒದ್ದೆ ಕುಂಚ. ಕೂದಲಿನ ಗುಂಗುರನ್ನು ಬಿಲ್ಲೆಬಿಲ್ಲೆಯಾಗಿ ಅಂಟಿಸಿ ಕಡ್ಡಿಯಿಂದ ತಿರುವುತ್ತಾರೆ.

ನಾಲ್ಕನೆಯದು ಚರ್ಮ. ಸೋಸಿದ ಹಳೆಯ ಸುಣ್ಣ, ಅದರಷ್ಟೇ ಅಮೃತಶಿಲೆಯ ನುಣ್ಣನೆ ಪುಡಿ. ದಪ್ಪ ಎರಡು ಮೂರು ಮಿಲಿಮೀಟರು, ಅಷ್ಟೇ. ಅದು ಬಿಗಿಯುವ ಹೊತ್ತಿಗೆ ಸರಿಯಾಗಿ ಕರಣೆಯ ಬೆನ್ನಿನಿಂದ ಒತ್ತಿ ಒತ್ತಿ ಉಜ್ಜಿದರೆ ಹೊಳಪು ಏಳುತ್ತದೆ. ಸೆರ್ಪೊತ್ತನ ಮೂರ್ತಿಗಳ ಮುತ್ತಿನಂಥ ಹೊಳಪು ಬಂದದ್ದು ಇಂಥ ಕೊನೆಯ ಪದರದಿಂದ. ಮದ್ರಾಸಿನ ಹೆಸರಾಂತ ಸುಣ್ಣದ ಗೋಡೆಗಳ ಹೊಳಪೂ ಇದೇ ಬಗೆಯದು. ಮದ್ರಾಸಿನಲ್ಲಿ ಕಪ್ಪೆಚಿಪ್ಪಿನ ಸುಣ್ಣ, ಸೆರ್ಪೊತ್ತನಲ್ಲಿ ಅಮೃತಶಿಲೆಯ ಪುಡಿ.

ಕಮಾನಿನ ಅಂಚು, ಕಂಬದ ಪಟ್ಟಿಗಳಂಥ ಉದ್ದನೆಯ ಸಾಲು ಕೆಲಸಕ್ಕೆ ಕೈ ಬೇಡ. ಬೇಕಾದ ಅಂಚಿನ ಆಕಾರಕ್ಕೆ ತಗಡು ಕತ್ತರಿಸಿ ಹಲಗೆಗೆ ಹೊಡೆದು, ಹಸಿ ಗಾರೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ. ಒಂದೇ ಬಗೆಯ ಹೂವು ನೂರು ಬೇಕಾದರೆ ಅಚ್ಚಿನಲ್ಲಿ ಒತ್ತಿ ತೆಗೆದು ಅಂಟಿಸುತ್ತಾರೆ. ಆದ್ದರಿಂದ ಒಂದೇ ಬಲಿಪೀಠದಲ್ಲಿ ಮೂರು ಬಗೆಯ ಕೆಲಸ ಇರುತ್ತದೆ: ಎಳೆದದ್ದು, ಅಚ್ಚೊತ್ತಿದ್ದು, ಕೈಯಲ್ಲಿ ತಿದ್ದಿದ್ದು. ಇಬ್ಬರು ದೇವದೂತರ ಮುಖಗಳನ್ನು ಪಕ್ಕಪಕ್ಕ ನೋಡಿ. ಒಬ್ಬನ ತುಟಿ ಸ್ವಲ್ಪ ಸೊಟ್ಟಗಿದ್ದರೆ ಅದು ಕೈಯ ಕೆಲಸ.

ಅಮೃತಶಿಲೆಯಲ್ಲದ ಅಮೃತಶಿಲೆ, ಗ್ರಾಮಿನಷ್ಟು ಬಂಗಾರ

ಬರೋಕ್ ಬಲಿಪೀಠದ ಕೆಂಪು, ಹಸಿರು ಗೆರೆಯ ಕಂಬಗಳು ಎಷ್ಟೋ ಕಡೆ ಕಲ್ಲೇ ಅಲ್ಲ. ಜಿಪ್ಸಂ ಪುಡಿಯನ್ನು ಅಂಟಿನ ನೀರು ಮತ್ತು ಬಣ್ಣದ ಜೊತೆ ಚಪಾತಿ ಹಿಟ್ಟಿನಂತೆ ನಾದುತ್ತಾರೆ. ಬೇರೆ ಬೇರೆ ಬಣ್ಣದ ಮುದ್ದೆಗಳನ್ನು ಒಟ್ಟಿಗೆ ಒತ್ತಿ, ಕೊಯ್ದು ಕಂಬಕ್ಕೆ ಮೆತ್ತುತ್ತಾರೆ. ಗಟ್ಟಿಯಾದ ಮೇಲೆ ಕಲ್ಲಿನಿಂದ ತಿಕ್ಕಿ, ಸಂದಿ ತುಂಬಿ, ಮತ್ತೆ ತಿಕ್ಕಿ, ಎಣ್ಣೆ ಇಲ್ಲವೇ ಜೇನುಮೇಣ ಹಚ್ಚಿ ಹೊಳಪು ತರುತ್ತಾರೆ. ಅಂಗೈ ಇಟ್ಟರೆ ಗುಟ್ಟು ರಟ್ಟಾಗುತ್ತದೆ. ನಿಜವಾದ ಅಮೃತಶಿಲೆ ತಣ್ಣಗೆ ಕೊರೆಯುತ್ತದೆ, ಇದು ಅಷ್ಟು ತಣ್ಣಗಿರುವುದಿಲ್ಲ. ಇದನ್ನು ಅಗ್ಗದ ನಕಲು ಎಂದುಕೊಳ್ಳಬಾರದು. ವಾರಗಟ್ಟಲೆ ಉಜ್ಜುವ ಈ ಕೆಲಸದ ಕೂಲಿ ಕೆಲವೊಮ್ಮೆ ಕಲ್ಲಿನ ಕಂಬಕ್ಕಿಂತ ಹೆಚ್ಚಾಗುತ್ತಿತ್ತು. ಕಲ್ಲಿನಲ್ಲಿ ಸಿಗದ ಬಣ್ಣ ಇದರಲ್ಲಿ ಸಿಗುತ್ತದೆಂದೇ ಬೇಡಿಕೆ.

ಬಂಗಾರದ ಮಾತು ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ, ಆದರೂ ಒಂದು ಲೆಕ್ಕ ನೋಡಿ. ಬಡಿದು ತೆಳುವಾಗಿಸಿದ ಬಂಗಾರದ ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ಆ ಲೆಕ್ಕಕ್ಕೆ ಒಂದು ಗ್ರಾಂ ಬಂಗಾರ ಸುಮಾರು ಅರ್ಧ ಚದರ ಮೀಟರ್ ಜಾಗವನ್ನು ಮುಚ್ಚುತ್ತದೆ. ಕೆಜಿಎಫ್ ಗಣಿಯಲ್ಲಿ ಕೊನೆಕೊನೆಗೆ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದದ್ದು ಮೂರು ಗ್ರಾಮಿನ ಆಸುಪಾಸು. ಅಂದರೆ ಒಂದು ಟನ್ ಕಲ್ಲನ್ನು ಮೂರು ಕಿಲೋಮೀಟರ್ ಆಳದಿಂದ ಎತ್ತಿ ತಂದರೆ ಒಂದು ಬಾಗಿಲಿನಷ್ಟು ಜಾಗಕ್ಕೆ ಬಂಗಾರ. ದೇವದೂತನ ರೆಕ್ಕೆಯ ಅಂಚಿನಲ್ಲಿ ಹೊಳೆಯುವ ಗೆರೆಯ ಹಿಂದೆ ಯಾರೋ ಒಬ್ಬರು ಕತ್ತಲಲ್ಲಿ ಕೊರೆದ ಕಲ್ಲಿದೆ ಎಂಬುದು ನಮಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಗಾರೆಯ ಮೇಲೆ ಬಂಗಾರ ಕೂರಿಸುವ ಮೊದಲು ಮೇಲ್ಮೈ ಹೀರದಂತೆ ಮುಚ್ಚಬೇಕು. ಅರಗು ಅಥವಾ ಅಂಟು ಬಳಿದು, ಅದರ ಮೇಲೆ ಎಣ್ಣೆಯ ಅಂಟು ತೆಳುವಾಗಿ ಹಚ್ಚಿ, ಅದು ಬೆರಳಿಗೆ ಜಿಗುಟೆನ್ನುವ ಹದಕ್ಕೆ ಬಂದಾಗ ಹಾಳೆಯನ್ನು ಮೃದು ಕುಂಚದಲ್ಲಿ ಎತ್ತಿ ಇಡುತ್ತಾರೆ. ಮೈಸೂರು ಚಿತ್ರಕಲೆಯಲ್ಲಿ ಉಬ್ಬಿಸಿದ ಒಡವೆಗಳ ಮೇಲೆ ಬಂಗಾರದ ಹಾಳೆ ಕೂರಿಸುವುದನ್ನು ನೋಡಿದವರಿಗೆ ಈ ಕೆಲಸ ತಟ್ಟನೆ ಅರ್ಥವಾಗುತ್ತದೆ. ನಿಜವಾದ ಬಂಗಾರ ಮುನ್ನೂರು ವರ್ಷವಾದರೂ ಕಪ್ಪಾಗುವುದಿಲ್ಲ. ಕಪ್ಪಾಗಿದ್ದರೆ ಅದು ಮೇಣದಬತ್ತಿಯ ಮಸಿ, ಇಲ್ಲವೇ ಆಮೇಲೆ ಯಾರೋ ಬಳಿದ ಹಿತ್ತಾಳೆ ಪುಡಿಯ ಬಣ್ಣ. ಡಬ್ಬಿಯ ಬಂಗಾರದ ಬಣ್ಣವನ್ನು ಹಳೆಯ ಬಂಗಾರದ ಮೇಲೆ ಹಚ್ಚುವುದು ಅದನ್ನು ಹೂಳಿದಂತೆ.

ಹೇಗೆ ಕೆಡುತ್ತದೆ

ಗಾರೆಯ ಶತ್ರುಗಳು ಮೂರು: ನೀರು, ತುಕ್ಕು, ಸಿಮೆಂಟು. ಮೂರನೆಯದನ್ನು ಜನ ಔಷಧಿ ಎಂದು ಹಚ್ಚುವುದರಿಂದ ಅದೇ ಹೆಚ್ಚು ಅಪಾಯ.

ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಗೋಡೆಗೆ ಸೇರಿದ ತೇವ ಅದರ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ನೆಲದಿಂದ ಏರುವ ನೀರು ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟಿ ಗೋಡೆ ಚೌಳೇರುತ್ತದೆ, ಮೇಲ್ಪದರ ಪುಡಿಯಾಗುತ್ತದೆ. ಇದನ್ನು ತಡೆಯಲೆಂದು ಸಿಮೆಂಟು ಬಳಿದರೆ ತೇವಕ್ಕೆ ದಾರಿ ಮುಚ್ಚುತ್ತದೆ. ಅದು ಸುಮ್ಮನಿರುವುದಿಲ್ಲ, ಇನ್ನೂ ಮೇಲೇರುತ್ತದೆ.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಬಂಗಾರಪೇಟೆಯ ನಮ್ಮ ಅಜ್ಜಿಯ ಮನೆಯ ನಡುಮನೆಯಲ್ಲಿ ದೀಪದ ಗೂಡಿತ್ತು. ಅದರ ಸುತ್ತ ಗಾರೆಯ ಕಮಲದ ದಳಗಳು, ಮೇಲೆ ಎರಡು ಗಿಳಿ. ಗೋಡೆಯ ಬುಡ ಚೌಳೇರಿತೆಂದು ನಾವು ಮೂರಡಿ ಎತ್ತರಕ್ಕೆ ಹಳೆಯ ಗಾರೆ ಕೆರೆಸಿ ಸಿಮೆಂಟು ಹಾಕಿಸಿದೆವು. ಮೊದಲ ವರ್ಷ ಗೋಡೆ ಚೊಕ್ಕಟವಾಗಿ ಕಂಡಿತು. ಎರಡನೆಯ ಮಳೆಗಾಲಕ್ಕೆ ಸಿಮೆಂಟಿನ ಗೆರೆಯ ಮೇಲೆ, ಸರಿಯಾಗಿ ಗೂಡಿನ ಮಟ್ಟಕ್ಕೆ, ಬಿಳಿ ಹುಡಿ ಕಾಣಿಸಿಕೊಂಡಿತು. ಮೂರನೆಯ ವರ್ಷ ಒಂದು ಗಿಳಿ ಉದುರಿತು. ಅಜ್ಜಿ ಅದರ ಚೂರುಗಳನ್ನು ಸೆರಗಿನಲ್ಲಿ ಆರಿಸಿ ಇಟ್ಟುಕೊಂಡಿದ್ದರು. ಬುಡಕ್ಕೆ ಮತ್ತೆ ಸುಣ್ಣದ ಗಾರೆ ಹಾಕಿಸಿ, ಹೊರಗಿನ ಬಚ್ಚಲ ನೀರನ್ನು ಗೋಡೆಯಿಂದ ದೂರ ತಿರುಗಿಸಿದ್ದರೆ ಗಿಳಿ ಉಳಿಯುತ್ತಿತ್ತು. ಆಗ ನಮಗೆ ಹೇಳುವವರಿರಲಿಲ್ಲ.

ಹಳೆ ಗೋವಾದ ಬೊಂ ಜೆಜುಸ್ ಬಸಿಲಿಕಾ ಇದೇ ಪಾಠವನ್ನು ದೊಡ್ಡ ಅಳತೆಯಲ್ಲಿ ಹೇಳುತ್ತದೆ. ಅದು 1605ರಲ್ಲಿ ಮುಗಿದ ಚರ್ಚು. ಗೋಡೆ ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ. 1950ರ ದಶಕದಲ್ಲಿ ಕಲ್ಲು ಕಾಣಲಿ ಎಂದು ಹೊರಗಿನ ಗಾರೆಯನ್ನು ಕಿತ್ತುಹಾಕಿದರು. ರಂಧ್ರಗಳಿರುವ ಮುರಕಲ್ಲು ಅಂದಿನಿಂದ ಮಳೆಗೆ ಬರಿಮೈಯಲ್ಲಿ ನಿಂತು ಸವೆಯುತ್ತಿದೆ. ನಾವು ಅಲಂಕಾರ ಎಂದುಕೊಂಡದ್ದು ಅದರ ಚರ್ಮವಾಗಿತ್ತು.

ಜಿಪ್ಸಂ ಇರುವ ಗಾರೆಗೆ ಸಿಮೆಂಟು ಇನ್ನೂ ಕೆಟ್ಟದ್ದು. ತೇವ ಸಿಕ್ಕಿದರೆ ಜಿಪ್ಸಮ್ಮಿನ ಸಲ್ಫೇಟು ಸಿಮೆಂಟಿನ ಜೊತೆ ಸೇರಿ ಉಬ್ಬುವ ಹರಳುಗಳಾಗುತ್ತದೆ. ತೇಪೆಯೂ ಉದುರುತ್ತದೆ, ಸುತ್ತಲಿನ ಹಳೆಯ ಕೆಲಸವನ್ನೂ ಎಳೆದುಕೊಂಡು ಬೀಳುತ್ತದೆ. ಎಣ್ಣೆ ಬಣ್ಣ, ಎನಾಮೆಲ್ ಬಣ್ಣಗಳೂ ರಂಧ್ರ ಮುಚ್ಚುತ್ತವೆ. ಒಳಗಿನ ಕಬ್ಬಿಣ ತೇವಕ್ಕೆ ತುಕ್ಕು ಹಿಡಿದು ಉಬ್ಬಿದರೆ ಗಾರೆ ಒಳಗಿನಿಂದಲೇ ಸೀಳುತ್ತದೆ. ಕೈ, ರೆಕ್ಕೆ, ಬೆರಳುಗಳ ಉದ್ದಕ್ಕೂ ನೇರವಾಗಿ ಓಡುವ ಕಂದು ಬಿರುಕು ಕಂಡರೆ ಕಾರಣ ತುಕ್ಕು ಎಂದು ತಿಳಿಯಿರಿ.

ನಮ್ಮ ಊರಿಗೆ ಇನ್ನೊಂದು ಕಾರಣವೂ ಇತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿಯುವ ರಾಕ್ ಬರ್ಸ್ಟ್ ಆದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು, ಗೋಡೆಗಳು ಬಿರಿಯುತ್ತಿದ್ದವು. ಸುಣ್ಣದ ಗಾರೆ ಸಿಮೆಂಟಿನಷ್ಟು ಬಿರುಸಲ್ಲ. ಸಣ್ಣ ಅದುರಾಟಕ್ಕೆ ಕೂದಲೆಳೆಯ ಬಿರುಕು ಬಿಟ್ಟು ತಾಳಿಕೊಳ್ಳುತ್ತದೆ. ತೇವಕ್ಕೆ ಕರಗಿದ ಸುಣ್ಣ ಆ ಬಿರುಕಿನಲ್ಲಿ ಹರಿದು ಮತ್ತೆ ಗಟ್ಟಿಯಾಗಿ ಸಂದಿಯನ್ನು ತಾನೇ ಹೊಲಿದುಕೊಳ್ಳುತ್ತದೆ. ಅದರ ಮೆದುತನವೇ ಅದರ ಬಾಳಿಕೆ.

ಕಾಯುವ ಬಗೆ

ಚರ್ಚಿನ ಸಮಿತಿಯವರಿಗೂ ಗುಡಿಯ ಧರ್ಮದರ್ಶಿಗಳಿಗೂ ಹಳೆಯ ಮನೆಯವರಿಗೂ ಹೇಳಬೇಕಾದ್ದು ಒಂದೇ.

ಮೊದಲು ಸೂರು ನೋಡಿ. ನಮ್ಮಲ್ಲಿ ಅಕ್ಟೋಬರಿನ ಹಿಂಗಾರು ಮಳೆ ಜೋರು. ಸೆಪ್ಟೆಂಬರಿನಲ್ಲೇ ಹೆಂಚು, ನೀರಿನ ದೋಣಿ, ಕೊಳವೆ ಶುಚಿ ಮಾಡಿಸಿ. ಗೋಡೆಯ ಬಿರುಕಿನಲ್ಲಿ ಅರಳಿ, ಆಲದ ಸಸಿ ಎರಡೆಲೆ ಇರುವಾಗಲೇ ತೆಗೆಯಿರಿ. ಸೋರಿಕೆ ನಿಲ್ಲಿಸದೆ ಗಾರೆ ರಿಪೇರಿ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದಂತೆ.

ಎರಡನೆಯದು, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳಿ. ಗೋಡೆಗೆ ಕಚ್ಚಿಕೊಂಡ ಗಾರೆ ಗಟ್ಟಿ ಸದ್ದು ಕೊಡುತ್ತದೆ, ಬಿಟ್ಟುಕೊಂಡದ್ದು ಖಾಲಿ ಗಡಿಗೆಯಂತೆ ಡಬ್ ಎನ್ನುತ್ತದೆ. ಅಂಥ ಜಾಗವನ್ನು ಫೋಟೊ ತೆಗೆದು ಅದರ ಮೇಲೆ ಗುರುತು ಹಾಕಿಡಿ. ಡಬ್ ಎಂದ ಮಾತ್ರಕ್ಕೆ ಕೆಡವಬೇಕಿಲ್ಲ. ಬಲ್ಲವರು ಸಣ್ಣ ತೂತು ಮಾಡಿ ಸಿರಿಂಜಿನಲ್ಲಿ ಸುಣ್ಣದ ತಿಳಿಗಾರೆ ಇಳಿಸಿ ಮತ್ತೆ ಅಂಟಿಸುತ್ತಾರೆ.

ಮೂರನೆಯದು, ಯಾವ ಗಾರೆ ಎಂದು ತಿಳಿಯಿರಿ. ಬಲಿಪೀಠವನ್ನು ಮುಟ್ಟಬೇಡಿ, ಉದುರಿದ ಚೂರು ಸಾಕು. ಉಗುರಿನಿಂದ ಗೀರಿದರೆ ಗೆರೆ ಬಿದ್ದರೆ ಅದು ಜಿಪ್ಸಂ ಇರಬಹುದು. ಒಂದು ತೊಟ್ಟು ವಿನೆಗರ್ ಬಿಟ್ಟಾಗ ನೊರೆಗುಳ್ಳೆ ಎದ್ದರೆ ಸುಣ್ಣ. ಎರಡೂ ಆದರೆ ಬೆರಕೆ ಗಾರೆ. ಪಕ್ಕಾ ತಿಳಿಯಲು ಪ್ರಯೋಗಾಲಯವೇ ಬೇಕು, ಆದರೆ ಮೇಸ್ತ್ರಿ ಸಿಮೆಂಟಿನ ಚೀಲ ತರುವ ಮೊದಲು ತಡೆಯಲು ಇಷ್ಟು ಸಾಕು.

ನಾಲ್ಕನೆಯದು, ಧೂಳನ್ನು ಒಣ ಮೆತ್ತನೆ ಕುಂಚದಿಂದ ಮಾತ್ರ ತೆಗೆಯಿರಿ. ಒದ್ದೆ ಬಟ್ಟೆ ಬೇಡ, ಸೋಪು ಬೇಡ. ಹಬ್ಬದ ಸೀರಿಯಲ್ ಲೈಟಿಗೆ ದೇವದೂತನ ಕುತ್ತಿಗೆಗೆ ಮೊಳೆ ಹೊಡೆಯಬೇಡಿ. ಮೇಣದಬತ್ತಿಯ ಸ್ಟ್ಯಾಂಡನ್ನು ಎ‌ರಡು ಮೊಳ ಹಿಂದಕ್ಕೆ ಇಡಿ. ಹೂಕುಂಡದ ನೀರು ಪೀಠದ ಬುಡಕ್ಕೆ ಹರಿಯದಿರಲಿ. ಬಣ್ಣ ಬೇಕೇ ಬೇಕಾದರೆ ಸುಣ್ಣದ ಬಣ್ಣ ಹಚ್ಚಿಸಿ.

ಐದನೆಯದು, ಹೊಸತು ಮಾಡುವ ಮೊದಲು ಹಳೆಯದನ್ನು ದಾಖಲಿಸಿ. 1960ರ ದಶಕದ ಎರಡನೆಯ ವ್ಯಾಟಿಕನ್ ಸಭೆಯ ನಂತರ ಪಾದ್ರಿಗಳು ಜನರತ್ತ ಮುಖ ಮಾಡಿ ಪೂಜೆ ಅರ್ಪಿಸುವ ಪದ್ಧತಿ ಬಂತು, ಮುಂದೆ ಹೊಸ ಪೀಠಗಳು ಬಂದವು. ಹಿಂದಿನ ಹಳೆಯ ಬಲಿಪೀಠಗಳನ್ನು ಜಗತ್ತಿನ ಎಷ್ಟೋ ಕಡೆ ಒಂದು ಚಿತ್ರವನ್ನೂ ತೆಗೆಯದೆ ಒಡೆದರು. ಗುಡಿಗಳಲ್ಲಾದರೆ ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕ ಮಾಡಿಸುವ ವಾಡಿಕೆಯಿದೆ, ಆಗ ಗೋಪುರದ ಗೊಂಬೆಗಳೂ ಹೊಸದಾಗುತ್ತವೆ. ಆ ನೆಪದಲ್ಲಾದರೂ ಗಾರೆಯವರ ಕೈ ಪಳಗುತ್ತಿತ್ತು. ಈಗ ಅಲ್ಲೂ ಸಿಮೆಂಟಿನ ಗೊಂಬೆಗಳು ಬಂದಿವೆ. ಸುಣ್ಣ ಅರಳಿಸಲು ಬಲ್ಲ ಮೇಸ್ತ್ರಿ ನಿಮ್ಮ ಊರಿನಲ್ಲಿ ಒಬ್ಬರಾದರೂ ಉಳಿದಿದ್ದರೆ ಅವರ ಜೊತೆ ಇಬ್ಬರು ಹುಡುಗರನ್ನು ನಿಲ್ಲಿಸಿ ಕೆಲಸ ಮಾಡಿಸಿ.

ಕೊನೆಗೆ ಆ ಕಡಲೆಕಾಯಿ ಗಾತ್ರದ ಚೂರು. ಅದನ್ನು ಎಸೆಯಬೇಡಿ. ಒಂದು ಕಾಗದದಲ್ಲಿ ಸುತ್ತಿ, ಸಿಕ್ಕಿದ ತಾರೀಖು ಮತ್ತು ಜಾಗ ಬರೆದು, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಚರ್ಚಿನ ಬೀರುವಿನಲ್ಲಿಡಿ. ಮುಂದೆ ರಿಪೇರಿಗೆ ಬರುವವರು ಎಷ್ಟು ಸುಣ್ಣಕ್ಕೆ ಎಷ್ಟು ಮರಳು ಬೆರೆಸಬೇಕು, ಮೊದಲಿನ ಬಣ್ಣ ಯಾವುದಿತ್ತು ಎಂಬುದನ್ನು ಅದರ ಪದರಗಳಲ್ಲೇ ಓದುತ್ತಾರೆ. ಒಂದೇ ತಿಂಗಳಲ್ಲಿ ಡಬ್ಬಿ ತುಂಬುತ್ತಾ ಬಂದರೆ ಬಲಿಪೀಠದ ಮೇಲಿನ ಸೂರನ್ನು ಆ ದಿನವೇ ಹತ್ತಿ ನೋಡಿಸಿ.